ಅಜ್ಜನ ಪೇಟಿಯೊಳಗೆ ಪ್ಯಾರಿಸ್

ಓದುಗರ ಪ್ರಶ್ನೆಗೆ ತಜ್ಞರ ಉತ್ತರ. ಈ ಸಲದ ವಿಷಯ: 19ನೇ ಶತಮಾನದ ಜನಪದ ಸಂಗೀತ, ಜನಪ್ರಿಯ ಸಂಗೀತ

ಪ್ರಶ್ನೆ: ಸರ್, ನಮ್ಮಜ್ಜ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರ್ ಆಗಿದ್ದರು. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಅವರ ಹಾರ್ಮೋನಿಯಂ ಸಿಕ್ಕಿತು. ಒಳಗಿನ ಹಲಗೆ ಮೇಲೆ ‘ಪ್ಯಾರಿಸ್’ ಅಂತ ಅಚ್ಚು ಒತ್ತಿದ್ದಾರೆ. ಇದು ನಮ್ಮದೇ ವಾದ್ಯ ಅಂತ ಅಜ್ಜ ಯಾವಾಗಲೂ ಹೇಳುತ್ತಿದ್ದರು. ಮಗ ಮೊಬೈಲ್ ನೋಡಿ, ಇದು ಫ್ರಾನ್ಸಿನದು ಅಂತಾನೆ. ಯಾರ ಮಾತು ನಂಬಲಿ? (ಓದುಗರೊಬ್ಬರು, ಗದಗ)

ಉತ್ತರ: ಹುಟ್ಟಿದ ಊರು ಕೇಳಿದರೆ ಮಗ ಹೇಳಿದ್ದು ಸರಿ. ಅಲೆಕ್ಸಾಂಡ್ರ್ ದೆಬೆ ಎಂಬಾತ 1842ರಲ್ಲಿ ಪ್ಯಾರಿಸ್‌ನಲ್ಲಿ ‘ಹಾರ್ಮೋನಿಯಂ’ ಎಂಬ ಹೆಸರಲ್ಲಿ ಪೇಟೆಂಟ್ ಪಡೆದ. ಆದರೆ ಆತ ಮಾಡಿದ್ದು ಮೇಜಿನಷ್ಟು ದೊಡ್ಡ ಪೆಟ್ಟಿಗೆ. ಕುರ್ಚಿ ಮೇಲೆ ಕೂತು, ಎರಡೂ ಕಾಲಲ್ಲಿ ತಿದಿ ತುಳಿಯುತ್ತಾ, ಎರಡೂ ಕೈಯಲ್ಲಿ ನುಡಿಸಬೇಕಿತ್ತು. ಆರ್ಗನ್ ಕೊಳ್ಳುವಷ್ಟು ದುಡ್ಡಿಲ್ಲದ ಸಣ್ಣ ಚರ್ಚುಗಳಿಗೆ, ಮನೆಗಳಿಗೆ ಅದು ಅನುಕೂಲವಾಯಿತು. ನಮ್ಮ ನಾಟಕ ಕಂಪನಿಗಳಲ್ಲಿ ರಂಗದ ಮುಂದೆ ಇಡುತ್ತಿದ್ದ ಲೆಗ್ ಹಾರ್ಮೋನಿಯಂ ಇದೆಯಲ್ಲ, ಅದು ಇದೇ ಜಾತಿಯದು.

ಅದನ್ನು ನೆಲಕ್ಕೆ ಇಳಿಸಿದ್ದು ಕೋಲ್ಕತ್ತ. ಅಲ್ಲಿ ದ್ವಾರಕಾನಾಥ ಘೋಷ್ 1875ರಲ್ಲಿ ವಾದ್ಯಗಳ ಅಂಗಡಿ ಶುರು ಮಾಡಿದರು. ನಮ್ಮವರು ಕುರ್ಚಿ ಮೇಲೆ ಕೂತು ಹಾಡುವವರಲ್ಲ, ಚಾಪೆ ಹಾಸಿ ಕೂರುವವರು. ಕಾಲಿಗೆ ಕೆಲಸ ಕೊಟ್ಟರೆ ಪದ್ಮಾಸನ ಹಾಕುವುದು ಹೇಗೆ? ಘೋಷ್ ತಿದಿಯನ್ನು ಕೆಳಗಿನಿಂದ ತೆಗೆದು ಹಿಂದಕ್ಕೆ ಹಾಕಿದರು. ಎಡಗೈಗೆ ತಿದಿ, ಬಲಗೈಗೆ ಸ್ವರ. ಎರಡು ಕೈಯಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವುದು ಯುರೋಪಿನವರ ಪದ್ಧತಿ. ನಮಗೆ ಬೇಕಾಗಿದ್ದು ಒಂದೇ ಎಳೆ, ಜೊತೆಗೆ ಎಡೆಬಿಡದ ಷಡ್ಜ. ಹಾಗಾಗಿ ಒಂದು ಕೈ ಹೋದರೂ ನಷ್ಟವಾಗಲಿಲ್ಲ. ದೆಬೆ ಬಂದು ನಿಮ್ಮ ಅಜ್ಜನ ಪೇಟಿ ನೋಡಿದ್ದರೆ ಇದು ತನ್ನ ಮಗು ಅಂತ ಗುರುತು ಹಿಡಿಯುತ್ತಿದ್ದನೋ ಇಲ್ಲವೋ.

ಆದರೆ ಒಳಗೆ ಇಣುಕಿದರೆ ಹಿಡಿಯುತ್ತಿದ್ದ. ಯಾಕೆಂದರೆ ಈ ವಾದ್ಯದ ಜೀವ ಇರುವುದು ರೀಡಿನಲ್ಲಿ. ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಉದ್ದನೆಯ ಸೀಳು. ಸೀಳಿಗಿಂತ ಕೂದಲೆಳೆಯಷ್ಟು ಸಣ್ಣ ಹಿತ್ತಾಳೆ ನಾಲಿಗೆ. ನಾಲಿಗೆಯ ಒಂದು ತುದಿಗೆ ರಿವೆಟ್ ಹೊಡೆದಿರುತ್ತಾರೆ, ಇನ್ನೊಂದು ತುದಿ ಸ್ವತಂತ್ರ. ಗಾಳಿ ನುಗ್ಗಿದರೆ ನಾಲಿಗೆ ಸೀಳಿನ ಆಚೆ ಈಚೆ ಬಡಿಯುತ್ತದೆ, ಸ್ವರ ಹೊರಡುತ್ತದೆ. ಅಷ್ಟೇ. ಕೊಳವೆ ಬೇಡ, ತಂತಿ ಬೇಡ, ಚರ್ಮದ ಮುಚ್ಚಿಗೆಯೂ ಬೇಡ. ಮಳೆಗಾಲ ಬಂತು ಅಂತ ತಂಬೂರಿ, ಮದ್ದಳೆಗಳ ಹಾಗೆ ಇದರ ಶ್ರುತಿ ಕೆಡುವುದಿಲ್ಲ.

ಚಿಕ್ಕವನಿದ್ದಾಗ ರಿಪೇರಿ ಮಾಡುವವರ ಪಕ್ಕ ಕೂತು ಗಂಟೆಗಟ್ಟಲೆ ನೋಡಿದ್ದೇನೆ. ರೀಡಿನ ಕೆಳಗೆ ತೆಳು ತಗಡು ಕೊಟ್ಟು, ನಾಲಿಗೆಯ ತುದಿಯನ್ನು ಎರಡೇ ಎರಡು ಸಲ ಕೆರೆಯುತ್ತಿದ್ದರು. ಸ್ವರ ಏರುತ್ತಿತ್ತು. ಜಾಸ್ತಿ ಏರಿತೋ, ಬುಡದ ಹತ್ತಿರ ಒಂದು ಸಲ ಕೆರೆದರೆ ಇಳಿಯುತ್ತಿತ್ತು. ತುದಿ ಹಗುರಾದರೆ ನಾಲಿಗೆ ಬೇಗ ಬಡಿಯುತ್ತದೆ, ಬುಡ ತೆಳುವಾದರೆ ನಿಧಾನವಾಗುತ್ತದೆ, ಅದೇ ಲೆಕ್ಕ. ಕೈಯಲ್ಲಿ ಅರ, ಕಿವಿಯಲ್ಲಿ ಶ್ರುತಿ, ಬಾಯಲ್ಲಿ ಎಲೆಅಡಿಕೆ. ‘ಇದು ಜರ್ಮನ್ ರೀಡು, ಇದು ಪ್ಯಾರಿಸ್ಸು, ಇದು ಪಾಲಿಟಾಣಾ’ ಎಂದು ನಾದ ಕೇಳಿಯೇ ಹೇಳುತ್ತಿದ್ದರು. ಪಾಲಿಟಾಣಾ ಗುಜರಾತಿನ ಊರು. ನಿಮ್ಮ ಪೇಟಿಯ ರೀಡು ಎಷ್ಟೇ ಹೊಲಸಾಗಿದ್ದರೂ ನೀವಾಗಿ ಉಜ್ಜಬೇಡಿ. ಸುಮ್ನೆ ಮೆತ್ತಗಿನ ಬ್ರಷ್ಷಿನಲ್ಲಿ ಧೂಳು ತೆಗೆದು, ಬಲ್ಲವರಿಗೆ ತೋರಿಸಿ.

ಈ ನಾಲಿಗೆಯ ಉಪಾಯ ಪ್ಯಾರಿಸ್‌ಗಿಂತ ಬಹಳ ಹಳೆಯದು. ಚೀನಾದ ಷೆಂಗ್ ಎಂಬ ಬಿದಿರಿನ ವಾದ್ಯದಲ್ಲಿ ಸಾವಿರಾರು ವರ್ಷಗಳಿಂದ ಇದೆ. ಯುರೋಪಿನವರು ಅದರ ಗುಟ್ಟಿನ ಬೆನ್ನು ಹತ್ತಿದ್ದು 18ನೇ ಶತಮಾನದಲ್ಲಿ. 19ನೇ ಶತಮಾನ ಮಾಡಿದ್ದು ಏನೆಂದರೆ, ಅದನ್ನು ಕಾರ್ಖಾನೆಗೆ ಹಾಕಿದ್ದು. ವಿಯೆನ್ನಾದಲ್ಲಿ ಸಿರಿಲ್ ಡೆಮಿಯಾನ್ 1829ರಲ್ಲಿ ಅಕಾರ್ಡಿಯನ್‌ಗೆ ಪೇಟೆಂಟ್ ತೆಗೆದುಕೊಂಡ. ಜರ್ಮನಿಯ ಟ್ರೊಸಿಂಗನ್ ಎಂಬ ಸಣ್ಣ ಊರಲ್ಲಿ ಗಡಿಯಾರ ಮಾಡುತ್ತಿದ್ದ ಮಥಿಯಾಸ್ ಹೋನರ್ 1857ರಲ್ಲಿ ಮೌತ್ ಆರ್ಗನ್ ಮಾಡಲು ಕೂತ. ಮೊದಲ ವರ್ಷ ಮಾಡಿದ್ದು 650. ಮೂವತ್ತೇ ವರ್ಷದಲ್ಲಿ ಅವನ ಕಂಪನಿ ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ಬಂತು, ಬಹುಪಾಲು ಅಮೆರಿಕಕ್ಕೆ ಹೋಗುತ್ತಿತ್ತು. ಜೇಬಲ್ಲಿ ಹಿಡಿಸುವ ವಾದ್ಯ, ಕೂಲಿಯವನಿಗೂ ಕೈಗೆಟಕುವ ಬೆಲೆ.

ಇನ್ನು ಈ ರೀಡಿನ ವಾದ್ಯಗಳು ಎಲ್ಲೆಲ್ಲಿ ಹೋದವು ನೋಡಿ. ಅಕಾರ್ಡಿಯನ್ ಜರ್ಮನ್, ಚೆಕ್ ವಲಸಿಗರ ಗಂಟುಮೂಟೆಯಲ್ಲಿ ಟೆಕ್ಸಸ್‌ಗೆ ಹೋಗಿ ಅಲ್ಲಿನ ಮೆಕ್ಸಿಕನ್ನರ ಕೈ ಸೇರಿತು. ಲೂಸಿಯಾನಾದ ಫ್ರೆಂಚ್ ರೈತರ ಕುಣಿತಕ್ಕೆ ಪಿಟೀಲಿನ ಜೊತೆ ಕೂತಿತು. ದಕ್ಷಿಣ ಆಫ್ರಿಕಾದಲ್ಲಿ ಜುಲು ಜನ ಕನ್ಸರ್ಟಿನಾ ಎಂಬ ಅಗ್ಗದ, ಪುಟ್ಟ ರೀಡಿನ ಪೆಟ್ಟಿಗೆ ಕೊಂಡು, ತಮ್ಮ ಶ್ರುತಿಗೆ ರೀಡುಗಳನ್ನು ತಿದ್ದಿಕೊಂಡು, ನಡೆಯುತ್ತಾ ನುಡಿಸಿದರು. ಜೊತೆಗೇ ಹೊರಟದ್ದು ಪೋಲ್ಕಾ ಕುಣಿತ. ಬೊಹೀಮಿಯಾದಲ್ಲಿ 1830ರ ದಶಕದಲ್ಲಿ ಕಾಣಿಸಿಕೊಂಡು, 1844ರ ಹೊತ್ತಿಗೆ ಪ್ಯಾರಿಸ್, ಲಂಡನ್‌ಗಳಿಗೆ ಹುಚ್ಚು ಹಿಡಿಸಿತ್ತು. ಅಂಗಡಿಯವರು ಸಿಕ್ಕಿದ್ದಕ್ಕೆಲ್ಲ ಪೋಲ್ಕಾ ಅಂತ ಹೆಸರಿಟ್ಟರು. ಪೋಲ್ಕಾ ಜಾಕೆಟ್ಟು ಬಂತು, ಚುಕ್ಕಿ ಬಟ್ಟೆ ಪೋಲ್ಕಾ ಡಾಟ್ ಆಯಿತು. ನಿಮ್ಮ ಕಡೆ ಲಂಗ ರವಿಕೆಗೆ ‘ಪರಕಾರ ಪೋಲಕಾ’ ಅನ್ನುವುದನ್ನು ಕೇಳಿದಾಗೆಲ್ಲ ನನಗೆ ಈ ಕುಣಿತವೇ ಕಣ್ಣಿಗೆ ಬರುತ್ತದೆ.

ಇವೆಲ್ಲದರಲ್ಲಿ ನನಗೆ ಇಷ್ಟದ ಕಥೆ ಬ್ಯಾಂಡೋನಿಯನ್‌ನದು. ಜರ್ಮನಿಯ ಕ್ರೇಫೆಲ್ಡ್‌ನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಹೈನ್ರಿಕ್ ಬಾಂಡ್ 1840ರ ದಶಕದಲ್ಲಿ ಮಾರಲು ಶುರು ಮಾಡಿದ ರೀಡಿನ ಪೆಟ್ಟಿಗೆ ಅದು. ಅದು ಹಡಗು ಹತ್ತಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಬಂತು. ಆ ಬಂದರು ಊರಿನ ಬಡವರ ಕೇರಿಗಳಲ್ಲಿ ಇಟಲಿ, ಸ್ಪೇನ್‌ನಿಂದ ಬಂದ ಕೂಲಿಗಳು, ಆಫ್ರಿಕಾ ಮೂಲದವರು, ಹಳ್ಳಿ ಬಿಟ್ಟು ಬಂದ ದನಗಾಹಿಗಳು ಒಟ್ಟಿಗಿದ್ದರು. ಕ್ಯೂಬಾದ ಹಬನೇರಾ ಲಯ, ಆಫ್ರಿಕನ್ನರ ಕಂದೊಂಬೆ ಕುಣಿತ, ದನಗಾಹಿಗಳ ಮಿಲೊಂಗಾ ಹಾಡು ಎಲ್ಲ ಬೆರೆತು 1880ರ ಸುಮಾರಿಗೆ ಟ್ಯಾಂಗೊ ಎಂಬ ಕುಣಿತದ ಸಂಗೀತ ಆಗುತ್ತಿತ್ತು. ಮೊದಲು ಅದಕ್ಕೆ ಕೊಳಲು, ಪಿಟೀಲು, ಗಿಟಾರು. ಹಗುರವಾದ, ಚುರುಕಾದ ಸಂಗೀತ. ಶತಮಾನ ಮುಗಿಯುವ ಹೊತ್ತಿಗೆ ಬ್ಯಾಂಡೋನಿಯನ್ ಸೇರಿತು. ಅದರ ಗುಂಡಿಗಳ ಜೋಡಣೆಗೆ ತಲೆಬುಡವಿಲ್ಲ. ಒಂದೇ ಗುಂಡಿ ಒತ್ತಿ ತಿದಿ ಎಳೆದರೆ ಒಂದು ಸ್ವರ, ತಳ್ಳಿದರೆ ಇನ್ನೊಂದು. ಕೈಗೆ ಅದು ಕಷ್ಟ, ನಾದವೋ ನಿಟ್ಟುಸಿರಿನಂಥದ್ದು. ಟ್ಯಾಂಗೊ ನಿಧಾನವಾಯಿತು, ಭಾರವಾಯಿತು, ಇವತ್ತು ನಾವು ಕೇಳುವ ಟ್ಯಾಂಗೊ ಆಯಿತು. ಬ್ಯಾಂಡೋನಿಯನ್ ಜರ್ಮನಿಯದು ಅಂತ ಬ್ಯೂನಸ್ ಐರಿಸ್‌ನಲ್ಲಿ ಹೇಳಿ ನೋಡಿ, ನಿಮ್ಮ ಅಜ್ಜ ಹೇಳಿದ ಮಾತನ್ನೇ ಅವರೂ ಹೇಳುತ್ತಾರೆ.

ನಮ್ಮಲ್ಲಿ ಹಾರ್ಮೋನಿಯಂಗೆ ಅಷ್ಟು ಸಲೀಸಾಗಿ ಮರ್ಯಾದೆ ಸಿಗಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬರುವುದಿಲ್ಲ, ಹನ್ನೆರಡು ಮನೆ ಬಿಟ್ಟರೆ ಹದಿಮೂರನೆಯದಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗೇ ಇಟ್ಟಿತು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ತಕರಾರಿನಲ್ಲಿ ಹುರುಳಿದೆ, ನಾನೂ ಒಪ್ಪುತ್ತೇನೆ. ಆದರೆ ತಂಬೂರಿ ಮಾತ್ರ ಇಟ್ಟುಕೊಂಡು ಹಾಡುವ ದೊಡ್ಡ ಗಾಯಕರನ್ನು ನಿಮ್ಮ ಶ್ರುತಿ ಯಾವುದು ಅಂತ ಕೇಳಿ. ‘ಕರಿ ಒಂದು’, ‘ಬಿಳಿ ನಾಲ್ಕು’ ಎನ್ನುತ್ತಾರೆ. ಕರಿ ಮನೆ, ಬಿಳಿ ಮನೆ, ಅದು ಯಾವ ಪೆಟ್ಟಿಗೆಯ ಲೆಕ್ಕ ಹೇಳಿ? ಅತ್ತ ಕರಾವಳಿಯ ಯಕ್ಷಗಾನದಲ್ಲಿ ಶ್ರುತಿಗೆ ಹಿಂದೆ ಪುಂಗಿ ಊದುತ್ತಿದ್ದರು. ಆಮೇಲೆ ಆ ಜಾಗಕ್ಕೂ ರೀಡಿನ ಪೆಟ್ಟಿಗೆ ಬಂದು ಕೂತಿತು.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ‘ಉತ್ತರ ಕರ್ನಾಟಕ ಜಾನಪದ’ ಅಂತ ಡಿಜೆ ಹಾಡುಗಳು ದಿನಾ ಬರುತ್ತಿವೆ. ಬರೆದವರ ಹೆಸರಿದೆ, ಹಾಡಿದವರ ಫೋಟೊ ಇದೆ, ದುಡ್ಡೂ ಬರುತ್ತದೆ. ಜನಪದ ಹಾಡಿಗೆ ಕರ್ತೃ ಇರುವುದಿಲ್ಲ, ಅದು ಮಾರಾಟದ ಸರಕಲ್ಲ ಅಂತ ನಾವು ಓದಿದ್ದು. ಇವನ್ನು ಜಾನಪದ ಅನ್ನಬಹುದಾ? (ಕನ್ನಡ ಅಧ್ಯಾಪಕಿ, ಬೆಳಗಾವಿ ಜಿಲ್ಲೆ)

ಉತ್ತರ: ಮೇಡಂ, ಕರ್ತೃ ಇರುವುದಿಲ್ಲ ಅನ್ನುವುದಕ್ಕಿಂತ ಕರ್ತೃ ಕಳೆದುಹೋಗುತ್ತಾನೆ ಅನ್ನುವುದು ಸರಿ. ಅದು ಹೇಗೆ ಕಳೆದುಹೋಗುತ್ತಾನೆ ಅನ್ನುವುದನ್ನು ಒಂದು ಹಾಡಿನಲ್ಲಿ ಹೆಜ್ಜೆ ಹೆಜ್ಜೆಗೂ ನೋಡಬಹುದು.

ಕ್ರಿಸ್‌ಮಸ್ ಬಂದರೆ ನಮ್ಮೂರುಗಳಲ್ಲೂ ಕೇಳಿಸುವ ‘ಸೈಲೆಂಟ್ ನೈಟ್’ ಗೊತ್ತಲ್ವಾ? ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್ ಎಂಬ ಊರಲ್ಲಿ ಯೋಸೆಫ್ ಮೋರ್ ಎಂಬ ಪಾದ್ರಿ ಇದ್ದ. ಅವನ ಪದ್ಯಕ್ಕೆ ಪಕ್ಕದ ಊರಿನ ಶಾಲಾ ಮಾಸ್ತರ್ ಫ್ರಾಂಜ್ ಗ್ರೂಬರ್ ರಾಗ ಹಾಕಿದ. 1818ರ ಡಿಸೆಂಬರ್ 24ರ ರಾತ್ರಿ ಮೋರ್ ಗಿಟಾರ್ ನುಡಿಸಿದ, ಇಬ್ಬರೂ ಹಾಡಿದರು. ಆರ್ಗನ್ ರಿಪೇರಿಯವನೊಬ್ಬ ಹಾಡನ್ನು ಟಿರೋಲ್ ಬೆಟ್ಟದ ಜಿಲ್ಲರ್ ಕಣಿವೆಗೆ ಒಯ್ದ. ಅಲ್ಲಿನ ಸ್ಟ್ರಾಸರ್ ಮನೆಯವರು ಕೈಗವಸು ಮಾರಲು ಜಾತ್ರೆಗಳಿಗೆ ಹೋಗುವವರು. ಗಿರಾಕಿ ಸೇರಲಿ ಅಂತ ಮಳಿಗೆ ಮುಂದೆ ಮನೆಮಂದಿಯೆಲ್ಲ ನಿಂತು ಹಾಡುತ್ತಿದ್ದರು. 1831ರ ಸುಮಾರಿಗೆ ಲೈಪ್‌ಜಿಗ್‌ನಲ್ಲಿ ಈ ಹಾಡು ಹಾಡಿದರು. ಗವಸಿಗಿಂತ ಹಾಡೇ ಜಾಸ್ತಿ ಓಡಿತು. ಒಂದೆರಡು ವರ್ಷದಲ್ಲಿ ಡ್ರೆಸ್ಡೆನ್‌ನ ಮುದ್ರಕನೊಬ್ಬ ಅದನ್ನು ‘ನಾಲ್ಕು ಅಸಲಿ ಟಿರೋಲ್ ಹಾಡುಗಳು’ ಎಂಬ ಪುಸ್ತಿಕೆಯಲ್ಲಿ ಅಚ್ಚು ಹಾಕಿದ. ಅಸಲಿ! ಬರೆದವರು ಟಿರೋಲ್‌ನವರಲ್ಲ, ಇಬ್ಬರೂ ಬದುಕಿದ್ದಾರೆ, ಹಾಡಿಗೆ ಇನ್ನೂ ಇಪ್ಪತ್ತು ವರ್ಷವೂ ಆಗಿಲ್ಲ. ಅಷ್ಟರಲ್ಲೇ ಅದು ಬೆಟ್ಟದ ಜನರ ಪುರಾತನ ಪದ. 1854ರಲ್ಲಿ ಬರ್ಲಿನ್ ಅರಮನೆಯ ಸಂಗೀತದವರು ಇದು ಯಾರದ್ದು ಅಂತ ಹುಡುಕಿಸಿದರು. ಆಗ ಮುದುಕ ಗ್ರೂಬರ್ ಕೂತು, ‘ಇದು ಹೀಗೆ ಹುಟ್ಟಿತು’ ಅಂತ ಕೈಯಾರೆ ಬರೆದು ಕಳಿಸಬೇಕಾಯಿತು. ಮೋರ್ ಅಷ್ಟರಲ್ಲಿ ತೀರಿಕೊಂಡಿದ್ದ, ಕೈಯಲ್ಲಿ ಕಾಸಿಲ್ಲದೆ.

ಅಮೆರಿಕದ ಸ್ಟೀಫನ್ ಫಾಸ್ಟರ್‌ನದೂ ಇಂಥದ್ದೇ ಪಾಡು. 1848ರಲ್ಲಿ ಬಂದ ಅವನ ‘ಓ ಸುಸಾನಾ’ ಮರುವರ್ಷ ಕ್ಯಾಲಿಫೋರ್ನಿಯಾಕ್ಕೆ ಬಂಗಾರ ಹುಡುಕಲು ಹೊರಟವರೆಲ್ಲರ ಬಾಯಲ್ಲಿತ್ತು. ಪ್ರಕಾಶಕರು ದುಡ್ಡು ಮಾಡಿದರು, ಅವನಿಗೆ ಸಿಕ್ಕಿದ್ದು ನೂರು ಡಾಲರ್. ಇನ್ನೊಂದು ಹಾಡಿಗೆ ಎರಡಕ್ಷರದ ನದಿಯ ಹೆಸರು ಬೇಕಿತ್ತು. ಭೂಪಟ ತೆಗೆದು ಫ್ಲಾರಿಡಾದ ಸುವಾನಿ ನದಿ ಹುಡುಕಿ, ಅದನ್ನೂ ಮೊಟಕು ಮಾಡಿ ‘ಸ್ವಾನಿ’ ಅಂತ ಹಾಕಿದ. ಆ ನದಿಯನ್ನು ಅವನು ಕಂಡವನೇ ಅಲ್ಲ. ಇವತ್ತು ಅದು ಫ್ಲಾರಿಡಾ ರಾಜ್ಯದ ನಾಡಹಾಡು. 1864ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ ಸತ್ತಾಗ ಅವನ ಪರ್ಸಿನಲ್ಲಿ ಇದ್ದದ್ದು 38 ಸೆಂಟ್.

ಇಲ್ಲಿ ಒಂದು ಕಹಿ ಮಾತೂ ಹೇಳಬೇಕು. ಫಾಸ್ಟರ್‌ನ ಹಾಡುಗಳು ಹಬ್ಬಿದ್ದು ಮಿನ್‌ಸ್ಟ್ರೆಲ್ ಎಂಬ ಆಟಗಳಿಂದ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಗೇಲಿ ಮಾಡುವ ಆಟ. ಅವರ ಕೈಯಲ್ಲಿದ್ದ ಬ್ಯಾಂಜೊ ಮಾತ್ರ ಆಫ್ರಿಕಾದಿಂದ ಎಳೆದು ತಂದ ಗುಲಾಮರು ಸೋರೆ ಬುರುಡೆಯಲ್ಲಿ ಮಾಡಿಕೊಂಡಿದ್ದ ವಾದ್ಯ. ಆ ಜನರ ನಿಜವಾದ ಹಾಡು ವೇದಿಕೆಗೆ ಬಂದದ್ದು 1871ರಲ್ಲಿ. ನ್ಯಾಶ್‌ವಿಲ್‌ನ ಫಿಸ್ಕ್ ವಿದ್ಯಾಸಂಸ್ಥೆಗೆ ದುಡ್ಡಿಲ್ಲದೆ ಬಾಗಿಲು ಹಾಕುವ ಸ್ಥಿತಿ ಬಂದಾಗ ಒಂಬತ್ತು ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸಲು ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲೇ ಹುಟ್ಟಿದವರು. ಅಪ್ಪ ಅಮ್ಮಂದಿರ ಭಜನೆಗಳನ್ನು ಟಿಕೆಟ್ ಕೊಂಡವರ ಮುಂದೆ ಹಾಡಲು ಮೊದಮೊದಲು ಅವರಿಗೆ ಮನಸ್ಸೇ ಇರಲಿಲ್ಲ. ಎರಡು ವರ್ಷದಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ದುಡ್ಡಲ್ಲಿ ಕಟ್ಟಿದ ಜ್ಯೂಬಿಲಿ ಹಾಲ್ ಈಗಲೂ ನಿಂತಿದೆ. ಮಾರಾಟಕ್ಕೆ ಇಳಿದ ಮಾತ್ರಕ್ಕೆ ಆ ಹಾಡು ಸುಳ್ಳಾಯಿತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಲಂಡನ್ ದಾಟಿ ನಿಮ್ಮ ಜಿಲ್ಲೆಯ ಹತ್ತಿರಕ್ಕೆ ಬರೋಣ. ಲಂಡನ್‌ನಲ್ಲಿ ಜೇಮ್ಸ್ ಕ್ಯಾಟ್ನಾಕ್ ಎಂಬ ಮುದ್ರಕ ಒಂದು ಪೆನ್ನಿ ಕಾಸಿಗೆ ಒಂದು ಹಾಳೆಯಂತೆ ಹಾಡು ಅಚ್ಚು ಹಾಕಿ ಮಾರಿಸುತ್ತಿದ್ದ. ಕೊಲೆ, ಗಲ್ಲು, ಓಡಿಹೋದ ಹುಡುಗಿ, ಇವೇ ವಿಷಯ. ಇಂಥ ಹಾಳೆಗಳಲ್ಲಿ ಸ್ವರಲಿಪಿ ಇರುತ್ತಿರಲಿಲ್ಲ, ಇಂಥ ಹಾಡಿನ ಧಾಟಿಯಲ್ಲಿ ಹಾಡಿಕೊಳ್ಳಿ ಅಂತ ಒಂದು ಸಾಲು. ನಮ್ಮ ಕಂಪನಿ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆ ಮೇಲೆ ‘ಮಟ್ಟು’ ಅಂತ ಬರೆಯುತ್ತಿದ್ದರಲ್ಲ, ಥೇಟ್ ಅದೇ. ಮರಾಠಿ ನಾಟಕದ ಮಟ್ಟು ಕನ್ನಡಕ್ಕೆ, ಪಾರ್ಸಿ ನಾಟಕದ್ದು ಎಲ್ಲರಿಗೂ. ಕೊಟ್ಟು ತೆಗೆದುಕೊಳ್ಳುವುದು ಒಂದೇ ಕಡೆಯಿಂದ ಅಲ್ಲ ಬಿಡಿ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿದ ಮೊದಲ ಮರಾಠಿ ನಾಟಕಕ್ಕೆ ಕಿಡಿ ಹೊತ್ತಿಸಿದ್ದು ನಮ್ಮ ಹೊನ್ನಾವರ ಕಡೆಯ ಕರ್ಕಿಯ ಭಾಗವತರ ಮೇಳ. ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ನಿಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು.

ಲಾವಣಿಯನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ 1885ರಿಂದ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನದಿದೆ, 1857ರ ಹಲಗಲಿ ಬೇಡರದಿದೆ, ಸಂಗ್ಯಾನ ಕೊಲೆಯದಿದೆ. ಇನ್‌ಕಮ್ ಟ್ಯಾಕ್ಸ್ ಮೇಲೂ ಒಂದಿದೆ! ಹೊಸ ತೆರಿಗೆ ಬಂತು, ಜನ ಬೈದುಕೊಂಡರು, ಲಾವಣಿಕಾರ ಹಾಡು ಕಟ್ಟಿದ. ಇವತ್ತು ನಾವು ಪಠ್ಯದಲ್ಲಿ ಗಂಭೀರವಾಗಿ ಓದಿಸುವ ಹಲಗಲಿಯ ಲಾವಣಿ ಆಗಿನವರಿಗೆ ಕಣ್ಣೆದುರಿನ ಸುದ್ದಿ.

ಹಾಗಾಗಿ ಡಿಜೆ ಹಾಡಿಗೆ ಜಾನಪದ ಅಂತ ಹಣೆಪಟ್ಟಿ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ಬಹಳಷ್ಟು ಹಾಡುಗಳು ಕೆಟ್ಟದಾಗಿವೆ, ಅದು ಬೇರೆ ತಕರಾರು. ಕ್ಯಾಟ್ನಾಕ್‌ನ ಹಾಳೆಗಳಲ್ಲೂ ಕಸವೇ ಜಾಸ್ತಿ ಇತ್ತು.

ಪ್ರಶ್ನೆ: ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ದನಿ ಹಿಡಿಯುವ ಎಡಿಸನ್ ಯಂತ್ರ ಬಂದಿದ್ದು 1877ರಲ್ಲಿ. ಎಲ್ಲಾದರೂ ಅವರ ದನಿ ರೆಕಾರ್ಡ್ ಆಗಿರುವ ಸಾಧ್ಯತೆ ಇದೆಯಾ? (ವಿದ್ಯಾರ್ಥಿ, ಹಾವೇರಿ)

ಉತ್ತರ: ಆಸೆ ಇಟ್ಟುಕೊಳ್ಳಬೇಡಿ ತಮ್ಮಾ. ಯಂತ್ರವೇನೋ ಇತ್ತು. ಆದರೆ ಹಳ್ಳಿಗೆ ಹೊತ್ತುಕೊಂಡು ಹೋಗಿ ಜನಪದರ ಹಾಡು ಹಿಡಿಯಬಹುದು ಅಂತ ಮೊದಲು ಮಾಡಿ ತೋರಿಸಿದ್ದು ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ಮಾನವಶಾಸ್ತ್ರಜ್ಞ. ಅದು 1890ರ ಮಾರ್ಚ್‌ನಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ, ಪಸಮಕ್ವಾಡಿ ಎಂಬ ಮೂಲನಿವಾಸಿಗಳ ನಡುವೆ. ಶರೀಫರು ಹೋದ ಮರುವರ್ಷ. ಗ್ರಾಮೊಫೋನ್ ಕಂಪನಿಯವರು ಕೋಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದಿದ್ದು 1902ರಲ್ಲಿ. ಆಕೆ ಕೊನೆಗಾಲದಲ್ಲಿ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಆದರೆ ನಿಮಗೆ ಖುಷಿಯಾಗುವ ಒಂದು ವಿಷಯ ಹೇಳುತ್ತೇನೆ. ನಮ್ಮ ಕಿವಿಗೆ ಸಿಕ್ಕಿರುವ ಅತಿ ಹಳೆಯ ಹಾಡು ದನಿ ಎಡಿಸನ್‌ನದಲ್ಲ. ಪ್ಯಾರಿಸ್‌ನಲ್ಲಿ ಎದುವಾರ್ ಲೆಯೊನ್ ಸ್ಕಾಟ್ ಎಂಬಾತ ದನಿಯ ಅಲುಗಾಟವನ್ನು ಮಸಿ ಹಿಡಿದ ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಮಾಡಿದ್ದ. ಅದು ಬರೆಯಲು ಮಾತ್ರ, ತಿರುಗಿ ಕೇಳಿಸಲು ಅಲ್ಲ. ಕೇಳಬಹುದು ಅಂತ ಅವನಿಗೆ ಹೊಳೆದಿರಲೂ ಇಲ್ಲ. 1860ರ ಏಪ್ರಿಲ್ 9ರಂದು ಅದರ ಮುಂದೆ ಬೆಳದಿಂಗಳಿನ ಮೇಲಿನ ಒಂದು ಫ್ರೆಂಚ್ ಜನಪದ ಹಾಡಿನ ತುಣುಕು ಹಾಡಿದ. ಕಾಗದ ಪೆಟ್ಟಿಗೆ ಸೇರಿತು. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಗಳನ್ನು ಕಂಪ್ಯೂಟರಿಗೆ ಕೊಟ್ಟು ದನಿ ಮಾಡಿದರು. ಮೊದಲು ಕೇಳಿದಾಗ ಯಾರೋ ಹುಡುಗಿ ಹಾಡಿದ ಹಾಗಿತ್ತು. ಆಮೇಲೆ ವೇಗ ಎರಡರಷ್ಟಾಗಿದೆ ಅಂತ ಗೊತ್ತಾಯಿತು. ಸರಿಪಡಿಸಿದರೆ ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ. ಪಾಠ ಒಪ್ಪಿಸುವ ಹುಡುಗನಂತೆ ಒಂದೊಂದೇ ಸ್ವರ ಎಳೆಯುತ್ತಾ ಹಾಡುತ್ತಾನೆ. ಇಪ್ಪತ್ತು ಸೆಕೆಂಡ್ ಸುಮಾರು, ಅಷ್ಟೇ. ಇಂಟರ್ನೆಟ್‌ನಲ್ಲಿ ಸಿಗುತ್ತದೆ, ಇಯರ್‌ಫೋನ್ ಹಾಕಿಕೊಂಡು ಕೇಳಿ. ಗರಗರ ಸದ್ದು ಜಾಸ್ತಿ.

ಶರೀಫರ ದನಿ ಇಲ್ಲದಿದ್ದರೂ ಅವರ ಕಾಲದ ಯಂತ್ರದ ಸದ್ದು ಬೇಕಾದರೆ ಅವರ ಗಿರಣಿಯ ಪದ ತೆಗೆಯಿರಿ. ಹುಬ್ಬಳ್ಳಿಯ ಹತ್ತಿ ಗಿರಣಿ ನೋಡಿ ಕಟ್ಟಿದ್ದು. ಅದನ್ನು ಓದಬೇಡಿ, ನಿಮ್ಮ ಊರಿನ ಭಜನೆಯವರ ಹತ್ತಿರ ಕೂತು ಹಾಡಿಸಿ ಕೇಳಿ. ಪೇಟಿ ಅಂತೂ ಅವರ ಹತ್ತಿರ ಇದ್ದೇ ಇರುತ್ತದೆ.